ನನ್ನ ತೊಂಬತ್ತನಾಲ್ಕು ಅಂಕಗಳನ್ನು ವಾಪಸು ಪಡೆಯುವ ಕುರಿತು

ಮಾನ್ಯ ಅಧ್ಯಕ್ಷರೇ,

ಬೋಧನಾ ಗುಣಮಟ್ಟ ಮೌಲ್ಯಮಾಪನ ಸಮಿತಿಯ ಹಿರಿಯರಾದ ತಮಗೂ, ತಮ್ಮ ಸದಸ್ಯರಿಗೂ, ಕಳೆದ ತಿಂಗಳು ನನ್ನ ಐದನೇ ತರಗತಿಯ ಹಿಂದಿನ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ನಲವತ್ತು ನಿಮಿಷ ಕುಳಿತು ಹೋದ ತಮ್ಮ ವೀಕ್ಷಕ ಮಹಾಶಯರಿಗೂ, ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿರುವ ಈ ವಿಜ್ಞಾನ ಶಿಕ್ಷಕಿಯ ಗೌರವಪೂರ್ವಕ ನಮಸ್ಕಾರಗಳು. ಬೆಂಚು ಹತ್ತು ವರ್ಷದ ಮಕ್ಕಳ ಅಳತೆಯದು, ಅದಕ್ಕೆ ನಾನು ಹೊಣೆಯಲ್ಲ. ವೀಕ್ಷಕರ ಕಾಲು ಈಗ ಸರಿಹೋಗಿದೆ ಎಂದು ನಂಬಿದ್ದೇನೆ.

ನನ್ನ ದೂರು ಇಷ್ಟೇ: ತಾವು ನನಗೆ ನೂರಕ್ಕೆ ತೊಂಬತ್ತನಾಲ್ಕು ಅಂಕ ಕೊಟ್ಟಿದ್ದೀರಿ. ಕಡಿಮೆ ಬಂತು ಎಂದು ಗೊಣಗುವವರ ಪತ್ರಗಳನ್ನೇ ಓದಿ ರೂಢಿಯಾಗಿರುವ ತಮಗೆ ವಿಚಿತ್ರವೆನಿಸಬಹುದು, ಆದರೆ ದಯವಿಟ್ಟು ಅದನ್ನು ಇಳಿಸಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ನಮ್ಮ ಮನೆಯವರು ಫಲಿತಾಂಶದ ಹಾಳೆ ನೋಡಿ, "ಇದು ನಿನಗೆ ಬಂದಿದ್ದೋ, ಮೊಟ್ಟೆಗೆ ಬಂದಿದ್ದೋ?" ಎಂದು ಕೇಳಿ ಮತ್ತೆ ಪತ್ರಿಕೆಯೊಳಗೆ ಮುಖ ಹುದುಗಿಸಿದರು. ಅವರಿಗೆ ಒಳಗುಟ್ಟು ಗೊತ್ತು. ತಮಗೂ ಗೊತ್ತಾಗಲಿ.

ಹನ್ನೊಂದು ವರ್ಷಗಳಿಂದ, ವೀಕ್ಷಕರು ಬರುವ ದಿನವನ್ನು ತಾವು ಒಂದು ವಾರ ಮೊದಲೇ ತಿಳಿಸುವ ಸೌಜನ್ಯ ತೋರುತ್ತ ಬಂದಿರುವುದರಿಂದ, ನಾನು ಪ್ರತಿ ಸಲವೂ ಒಂದೇ ಪಾಠ ಮಾಡುತ್ತ ಬಂದಿದ್ದೇನೆ. ಗಾಜಿನ ಜಾಡಿಯಲ್ಲಿ ನೀರು ತುಂಬಿ ಹಸಿ ಮೊಟ್ಟೆ ಬಿಡುವುದು, ಅದು ಮುಳುಗುವುದು, ಉಪ್ಪು ಸುರಿದು ಕಲಕುವುದು, ಅದು ಮೇಲೆ ಬರುವುದು, ಮಕ್ಕಳು "ಅಬ್ಬಾ!" ಎನ್ನುವುದು, ಗಂಟೆ ಹೊಡೆಯುವುದು. ಪಠ್ಯದಲ್ಲಿ ಆ ವಾರ ಎಲುಬುಗಳಿರಲಿ, ಗ್ರಹಗಳಿರಲಿ, ಸಮಿತಿಯ ಪತ್ರ ಬಂದರೆ ನನ್ನ ತರಗತಿಯಲ್ಲಿ ಮೊಟ್ಟೆಯೇ. ಮಕ್ಕಳು ನನ್ನನ್ನು ಬೆನ್ನ ಹಿಂದೆ ಮೊಟ್ಟೆ ಮಿಸ್ ಎನ್ನುತ್ತಾರೆ, ಈಚೆಗೆ ಕೆಲವರು ಎದುರಿಗೇ ಅನ್ನತೊಡಗಿದ್ದಾರೆ, ನಾನೂ "ಏನೋ?" ಎಂದು ತಿರುಗುತ್ತೇನೆ.

ಈ ವರ್ಷ ಮಾತ್ರ ಎಡವಟ್ಟಾಯಿತು. ಬೆಳಗಿನ ಗಡಿಬಿಡಿಯಲ್ಲಿ ಮನೆಯ ಉಪ್ಪಿನ ಡಬ್ಬಿಯನ್ನು ತೆರೆದು ನೋಡದೆ ಚೀಲಕ್ಕೆ ಹಾಕಿಕೊಂಡಿದ್ದೆ. ತರಗತಿಯಲ್ಲಿ ಮುಚ್ಚಳ ತೆಗೆದರೆ ಒಳಗೆ ಎರಡೇ ಚಮಚ. ಸುರಿದೆ, ಕಲಕಿದೆ, ಇನ್ನೂ ಕಲಕಿದೆ, ಮೊಟ್ಟೆ ಜಪ್ಪಯ್ಯ ಅನ್ನಲಿಲ್ಲ. ಆಗ ಈ ಪಾಠವನ್ನು ನಾಲ್ಕನೇ ತರಗತಿಯಲ್ಲೇ ಒಮ್ಮೆ, ಹಿಂದಿನ ದಿನ ಅಭ್ಯಾಸಕ್ಕೆಂದು ಇನ್ನೊಮ್ಮೆ ನೋಡಿದ್ದ ನನ್ನ ನಲವತ್ತೆಂಟು ಮಕ್ಕಳು ನನ್ನ ಮುಖ ನೋಡಿದರು, ಪರಸ್ಪರ ನೋಡಿಕೊಂಡರು, ಜಾಡಿಯ ತಳದಲ್ಲಿ ಆರಾಮಾಗಿ ಮಲಗಿದ್ದ ಮೊಟ್ಟೆಯ ಮುಂದೆಯೇ ಒಕ್ಕೊರಲಿನಿಂದ "ತೇಲ್ತು! ತೇಲ್ತು!" ಎಂದು ಕೂಗಿ ಚಪ್ಪಾಳೆ ತಟ್ಟಿದರು. ವೀಕ್ಷಕರು ತಲೆ ಎತ್ತಲಿಲ್ಲ. ಅವರು ನಮೂನೆ ತುಂಬುತ್ತಿದ್ದರು. ಅದರಲ್ಲಿ ಬರೆದದ್ದನ್ನು ಆಮೇಲೆ ಓದಿದೆ: "ಪ್ರಯೋಗ ಯಶಸ್ವಿ. ಮಕ್ಕಳ ಕುತೂಹಲ ಅಪಾರ." ಆ ದಿನ ಅಪಾರವಾಗಿದ್ದದ್ದು ಮಕ್ಕಳ ಕನಿಕರ, ಮಾನ್ಯರೇ. ಅದಕ್ಕೆ ತಮ್ಮ ನಮೂನೆಯಲ್ಲಿ ಕಾಲಮ್ಮಿಲ್ಲ.

ತಮ್ಮ ನಮೂನೆಯನ್ನು ಹೀಗಳೆಯುತ್ತಿದ್ದೇನೆ ಎಂದು ತಿಳಿಯಬಾರದು. ಕಪ್ಪುಹಲಗೆಯ ಮೇಲೆ ದಿನಾಂಕ ಬರೆದದ್ದಕ್ಕೆ ಅಂಕ, ನಗುಮುಖಕ್ಕೆ ಅಂಕ, ತರಗತಿಯಲ್ಲಿ ಓಡಾಡಿದ್ದಕ್ಕೆ ಅಂಕ. ಇಷ್ಟೊಂದು ಸೂಕ್ಷ್ಮವಾಗಿ ನನ್ನನ್ನು ನನ್ನ ಅತ್ತೆಯವರೂ ಗಮನಿಸಿರಲಿಲ್ಲ. ಕೊನೆಯಲ್ಲಿ "ಶಿಕ್ಷಕರಿಗೆ ಅಗತ್ಯವಿರುವ ಬೆಂಬಲ" ಎಂದು ನಾವೇ ತುಂಬಬೇಕಾದ ಸಾಲೂ ಇದೆ, ಹೆಬ್ಬೆರಳಿನಷ್ಟು ಉದ್ದ. ನನ್ನ ತರಗತಿಯಲ್ಲಿ ಆರು ಮಕ್ಕಳಿಗೆ ಇನ್ನೂ ಓದಲು ಬರುವುದಿಲ್ಲ, ಅವರ ಜೊತೆ ಕೂರಲು ದಿನಕ್ಕೆ ಅರ್ಧ ಗಂಟೆ ಇನ್ನೊಬ್ಬರು ಬೇಕು ಎಂದು ಒಂದು ವರ್ಷ ಬರೆದೆ. ಜಾಗ ಸಾಲದೆ ಅಕ್ಷರಗಳು ಅಂಚಿನಿಂದಾಚೆ ಹೋದವು, "ನಮೂನೆ ಅಶುದ್ಧ" ಎಂದು ಎರಡು ಅಂಕ ಹೋಯಿತು. ಮರುವರ್ಷದಿಂದ "ಏನೂ ಇಲ್ಲ" ಎಂದು ಬರೆಯುತ್ತಿದ್ದೇನೆ. ಅಷ್ಟು ಜಾಗದಲ್ಲಿ ಹಿಡಿಸುವುದು ಅದೊಂದೇ. ಆ ಆರು ಮಕ್ಕಳ ವಿಷಯದಲ್ಲಿ ನಾನು ಬಾಯಿ ಮುಚ್ಚಿಕೊಂಡೆ ಎಂದೂ ಇದನ್ನು ಹೇಳಬಹುದು, ಹಾಗೆ ಹೇಳಿದರೆ ನಾನು ಇಲ್ಲವೆನ್ನುವುದಿಲ್ಲ.

ಇಷ್ಟಾದರೂ ಸುಮ್ಮನಿರುತ್ತಿದ್ದೆ. ಅಂಕ ಯಾರಿಗೆ ಕಹಿ? ಹಾಳೆಯನ್ನು ಶಿಕ್ಷಕರ ಕೊಠಡಿಯ ಮೇಜಿನ ಮೇಲೆ, ಎಲ್ಲರ ಕಣ್ಣಿಗೂ ಬೀಳುವಂತೆ, ಮರೆತವಳ ಹಾಗೆ ಎರಡು ದಿನ ಬಿಟ್ಟಿದ್ದೆ. ಆದರೆ ಅತಿ ಹೆಚ್ಚು ಅಂಕ ಬಂದವರು ಅತಿ ಕಡಿಮೆ ಬಂದವರಿಗೆ ಮಾರ್ಗದರ್ಶಕರಾಗಬೇಕು ಎಂಬ ತಮ್ಮ ಹೊಸ ಆದೇಶದಂತೆ, ನಮ್ಮ ಶಾಲೆಗೆ ಈ ವರ್ಷ ಸೇರಿದ ಹೊಸ ಮೇಷ್ಟ್ರನ್ನು ನನ್ನ ಸುಪರ್ದಿಗೆ ಒಪ್ಪಿಸಿಬಿಟ್ಟಿರಿ. ಪಾಸಾಗಲು ಐವತ್ತು ಬೇಕು, ಅವರಿಗೆ ಬಂದದ್ದು ನಲವತ್ತಾರು. ಬರುವ ಗುರುವಾರ ಮರುವೀಕ್ಷಣೆ, ಅದರಲ್ಲೂ ಐವತ್ತು ದಾಟದಿದ್ದರೆ ಮನೆಗೆ.

ಮಾರ್ಗದರ್ಶನ ಮಾಡುವ ಮೊದಲು ಶಿಷ್ಯನ ತಪ್ಪು ಏನೆಂದು ತಿಳಿಯಬೇಕಲ್ಲ ಎಂದು, ಎದೆ ಸೆಟೆಸಿಕೊಂಡು, ಪಕ್ಕದ ವಿಭಾಗದ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಕೋಣೆಯೋ, ಸಂತೆಯೋ! ನೆಲದ ತುಂಬಾ ನೀರಿನ ಬಕೆಟ್ಟುಗಳು, ಮಕ್ಕಳ ಮೊಣಕೈವರೆಗೆ ಜೇಡಿಮಣ್ಣು. ಮಣ್ಣಿನ ಉಂಡೆ ಮುಳುಗುತ್ತದೆ, ಅದನ್ನೇ ತಟ್ಟಿ ಬಟ್ಟಲು ಮಾಡಿದರೆ ತೇಲುತ್ತದೆ. ಎರಡು ಜಡೆಯ ಒಬ್ಬ ಹುಡುಗಿ ಎದ್ದು, "ಸಾರ್, ಮಣ್ಣು ಅದೇ ಅಲ್ವಾ? ಒಂಚೂರೂ ಕಮ್ಮಿ ಮಾಡಿಲ್ಲ. ಮತ್ತೆ ಯಾಕೆ ಮುಳುಗಲ್ಲ?" ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಮೇಷ್ಟ್ರು ತಲೆ ಕೆರೆದುಕೊಂಡು, "ಒಳ್ಳೇ ಪ್ರಶ್ನೆ ಕಣಮ್ಮ. ಇದನ್ನ ಹೇಗೆ ವಿವರಿಸೋದು ಅಂತ ನನಗೂ ಈಗ ಗೊತ್ತಾಗ್ತಿಲ್ಲ. ಬಾ, ಬಟ್ಟಲು ಇಟ್ಟಾಗ ನೀರು ಎಷ್ಟು ಮೇಲೆ ಬರುತ್ತೆ ನೋಡೋಣ" ಎಂದರು. "ಗೊತ್ತಿಲ್ಲ ಎಂದು ಶಿಕ್ಷಕರು ಎರಡು ಬಾರಿ ಹೇಳಿದರು, ಪಾಠ ಮುಗಿಯಲಿಲ್ಲ" ಎಂದು ಕಳೆದ ತಿಂಗಳು ವೀಕ್ಷಕರು ಅವರ ನಮೂನೆಯಲ್ಲಿ ಬರೆದದ್ದು ಸುಳ್ಳಲ್ಲ. ನಾನು ಕೂತ ದಿನವೂ ಮುಗಿಯಲೇ ಇಲ್ಲ. ಗಂಟೆ ಹೊಡೆದರೂ ಮಕ್ಕಳು ಬಕೆಟ್ ಬಿಟ್ಟು ಏಳಲಿಲ್ಲ, ನಾಚಿಕೆಯಿಂದ ಹೇಳುತ್ತೇನೆ, ನಾನೂ ಏಳಲಿಲ್ಲ. ಬಟ್ಟಲು ಬದಿಗೆ ತಳ್ಳಿದ ನೀರನ್ನು ಅಳೆಯುವಾಗ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನನ್ನ ಮೊಟ್ಟೆ ಏಕೆ ತೇಲುತ್ತದೆ ಎಂಬುದು ಬಾಯಿಪಾಠದ ಆಚೆಗೆ ನನಗೆ ಅರ್ಥವಾಯಿತು. ನನ್ನ ತರಗತಿಯಲ್ಲಿ ಯಾರಾದರೂ ಏಕೆ ಎಂದು ಕೇಳಿದರೆ, "ಅದು ಮುಂದಿನ ತರಗತಿಯಲ್ಲಿ ಬರುತ್ತೆ, ಕೂತ್ಕೊ" ಎನ್ನುತ್ತಿದ್ದೆ.

ಆಗಲೇ ತಮಗೆ ಪತ್ರ ಬರೆದಿದ್ದರೆ ನಾನು ಮನುಷ್ಯಳು. ಬರೆಯಲಿಲ್ಲ. ಮರುದಿನ ಹೊಸ ಮೇಷ್ಟ್ರೇ ಬಂದು ಬಾಗಿಲ ಬಳಿ ನಿಂತು, "ಮೇಡಂ, ನಿಮ್ಮ ಮೊಟ್ಟೆ ಪಾಠ ನನಗೂ ಹೇಳಿಕೊಡ್ತೀರಾ? ಈ ಕೆಲಸ ಹೋದ್ರೆ ತುಂಬಾ ಕಷ್ಟ ಆಗುತ್ತೆ" ಎಂದರು. ಬೇಡಪ್ಪ, ನೀವು ಹೀಗೇ ಇರಿ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಹೀಗೇ ಇದ್ದರೆ ಅವರ ಕೆಲಸ ಹೋಗುತ್ತದೆ ಎಂಬುದೂ ಗೊತ್ತಿತ್ತು. ಜೊತೆಗೆ, ಕೇಳಿದರಲ್ಲ ಎಂದು ಒಳಗೊಳಗೆ ಉಬ್ಬಿಯೂ ಹೋದೆ. ಹೇಳಿಕೊಟ್ಟೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು, ಎಷ್ಟನೇ ನಿಮಿಷಕ್ಕೆ ಉಪ್ಪು, ಎಲ್ಲವನ್ನೂ.

ನಿನ್ನೆ ಅವರು ತಮ್ಮ ಮಕ್ಕಳ ಮುಂದೆ ಅಭ್ಯಾಸ ಮಾಡಿದರು, ನಾನು ಹಿಂದೆ ಕೂತಿದ್ದೆ. ಕೋಣೆಯಲ್ಲಿ ಪಿಟಿಪಿಟಿ ಇಲ್ಲ, ನೆಲ ಒಣಗಿತ್ತು, ಮೊಟ್ಟೆ ಹೇಳಿದ ಮಾತು ಕೇಳಿತು. ಆ ಎರಡು ಜಡೆಯ ಹುಡುಗಿ ಎದ್ದು, "ಉಪ್ಪು ಹಾಕಿದ್ರೆ ಯಾಕೆ ಸಾರ್?" ಎಂದಳು. ಮೇಷ್ಟ್ರು ಗಡಿಯಾರ ನೋಡಿದರು, ನನ್ನ ಕಡೆ ನೋಡಿದರು, ಆಮೇಲೆ, "ಅದು ಮುಂದಿನ ತರಗತಿಯಲ್ಲಿ ಬರುತ್ತೆ, ಕೂತ್ಕೊ" ಎಂದರು. ಹುಡುಗಿ ಕೂತಳು. ನನ್ನ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಆ ಮಾತನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ ಮಾನ್ಯರೇ, ಪಾಠದ ಜೊತೆ ತಾನಾಗಿಯೇ ಅಂಟಿಕೊಂಡು ಬಂದಿತ್ತು. ಗುರುವಾರ ಅವರಿಗೆ ಎಂಬತ್ತು ದಾಟುವುದರಲ್ಲಿ ಅನುಮಾನವೇ ಇಲ್ಲ, ಮುಂದಿನ ಮೂವತ್ತು ವರ್ಷ ಅವರು ನನ್ನಂತೆಯೇ ನಿರುಪದ್ರವಿಯಾಗಿ ಬಾಳಬಹುದು.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಬೇಡುವುದು ಇಷ್ಟು. ನನ್ನ ಅಂಕಗಳನ್ನು ಮೊಟ್ಟೆ ನಿಜವಾಗಿ ಎಷ್ಟು ಮೇಲೆ ಬಂದಿತ್ತೋ ಅಷ್ಟಕ್ಕೆ, ಅಂದರೆ ಸೊನ್ನೆಗೆ, ಇಳಿಸಿ ಮರುಆದೇಶ ಹೊರಡಿಸುವುದು. ಆಗ ನಮ್ಮಿಬ್ಬರಲ್ಲಿ ಹೆಚ್ಚು ಅಂಕ ಅವರದೇ ಆಗುವುದರಿಂದ, ತಮ್ಮದೇ ನಿಯಮದಂತೆ ಹೊಸ ಮೇಷ್ಟ್ರು ನನಗೆ ಮಾರ್ಗದರ್ಶಕರಾಗುತ್ತಾರೆ. ಗುರುವಾರ ವೀಕ್ಷಕರು ಬರಲೇಬೇಕೆಂದಿದ್ದರೆ ನಮೂನೆಯನ್ನು ಮನೆಯಲ್ಲೇ ಮರೆತು, ತೋಳು ಮಡಚಿಕೊಂಡು, ಆ ಹುಡುಗಿಯ ಪಕ್ಕದಲ್ಲಿ ಕೂರುವುದು. ಅವಳು ಕೇಳುತ್ತಾಳೆ. ಉತ್ತರ ಗೊತ್ತಿದ್ದರೆ ವೀಕ್ಷಕರು ಹೇಳಲಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ, ನಾವು ಅಂಕ ಕಳೆಯುವುದಿಲ್ಲ. ಇನ್ನು, ಹೆಬ್ಬೆರಳಿನಷ್ಟಿರುವ ಆ ಸಾಲನ್ನು ಸಾಧ್ಯವಾದರೆ ಮೊಣಕೈಯಷ್ಟು ಮಾಡಿಸಿ, ಈ ವರ್ಷವೂ ಓದಲು ಬಾರದ ಆರು ಮಕ್ಕಳಿದ್ದಾರೆ, ಅವರ ಹೆಸರು ಬರೆಯುವುದಿದೆ.

ತೊಂಬತ್ತನಾಲ್ಕರ ಭಾರ ಹೊರಲಾರದ,
ತಮ್ಮ ವಿಶ್ವಾಸಿ,
ಐದನೇ ತರಗತಿಯ ವಿಜ್ಞಾನ ಶಿಕ್ಷಕಿ

ವಿ.ಸೂ.: ಈ ಪತ್ರವನ್ನು ಕಳಿಸುವ ಮೊದಲು ನಮ್ಮ ಮುಖ್ಯೋಪಾಧ್ಯಾಯಿನಿಯವರಿಗೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದರೆ ಅವರು ಹಿಗ್ಗಿ ಹೀರೇಕಾಯಿಯಾಗಿ, "ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆತ್ಮಾವಲೋಕನದ ಕಾಲಮ್ಮಿಗೆ ಲಗತ್ತಿಸಿಬಿಡಿ, ಇನ್ನೂ ಐದು ಅಂಕ ಗ್ಯಾರಂಟಿ" ಎಂದರು. ಅಲ್ಲಿಗೆ ನನ್ನದು ತೊಂಬತ್ತೊಂಬತ್ತಾಗುತ್ತದೆ. ಆ ಐದನ್ನು ದಯವಿಟ್ಟು ಬುಧವಾರದೊಳಗೆ ಹೊಸ ಮೇಷ್ಟ್ರಿಗೆ ಕೊಟ್ಟುಬಿಡಿ. ಅವರದು ಐವತ್ತೊಂದಾಗಲಿ ಸಾಕು, ಗುರುವಾರ ಅವರು ನನ್ನ ಹಾಗೆ ಪಾಠ ಮಾಡಬೇಕಾಗಿ ಬರುವುದಿಲ್ಲ.