ಬಿ ಸೈಡಿನ ಮೂರನೇ ಪದ

ನಮ್ಮ ಸೋದರಮಾವನ ಮನೆಗೆ ಯಾರೇ ಹೋಗಲಿ, ಮೊದಲು ನೀರು ಕೊಡುವುದಿಲ್ಲ, ಪ್ರಶ್ನೆ ಕೊಡುತ್ತಾರೆ! ಸರಿಯುತ್ತರ ಹೇಳಿದವರಿಗೆ ಕಾಫಿ. ತಪ್ಪು ಹೇಳಿದವರಿಗೂ ಕಾಫಿಯೇ, ಆದರೆ ಅರ್ಧ ಗಂಟೆ ವಿವರಣೆ ಕೇಳಿದ ಮೇಲೆ. ಉತ್ಪ್ರೇಕ್ಷೆ ಎನ್ನುತ್ತೀರಾ? ನನ್ನ ಡೈರಿಯಲ್ಲಿ ತಾರೀಕು ಸಮೇತ ಲೆಕ್ಕವಿದೆ. ಎರಡು ವರ್ಷದಲ್ಲಿ ಅವರು ನನ್ನೆದುರು ಕೇಳಿದ ಪ್ರಶ್ನೆ ನೂರ ಎಂಬತ್ತಾರು. ನನ್ನ ಸರಿಯುತ್ತರ ಒಂಬತ್ತು.

ಮಾವ ಕೆರಗೋಡಿನಲ್ಲಿ ಮೂವತ್ತು ವರ್ಷ ಮೈಕ್ ಸೆಟ್ ಇಟ್ಟಿದ್ದವರು. ಸುತ್ತಲಿನ ಮದುವೆ, ನಾಮಕರಣಗಳಿಗೆಲ್ಲ ಮರಕ್ಕೆ ಹಾರ್ನ್ ಕಟ್ಟಿ ಕ್ಯಾಸೆಟ್ಟು ಹಾಕಿದವರು. ಈಗ ಹಾರ್ನು ಅಟ್ಟದ ಮೇಲಿದೆ, ಕ್ಯಾಸೆಟ್ಟುಗಳೆಲ್ಲ ತಲೆಯೊಳಗಿವೆ. ಹಾಡಿನ ಮೊದಲ ಸಾಲನ್ನು ಅವರು ಕೇಳುವುದಿಲ್ಲ. ಅದು ಮಕ್ಕಳಿಗೂ ಗೊತ್ತಂತೆ!

"ಎಂಟು ಆಡಿನ ಕ್ಯಾಸೆಟ್ಟು. ಆ ಕ್ಯಾಸೆಟ್ಟಿನ ಎಸ್ರು ಎಷ್ಟನೇ ಆಡಲ್ಲಿ ಬತ್ತದೆ, ಯೋಳಮ್ಮಿ?" ಎಂದರು ಒಂದು ದಿನ. ನಾನು ಮೂರು ಅಂದೆ, ಐದು ಅಂದೆ, ಕೊನೆಗೆ ಫೋನಿಗೆ ಕೈ ಹಾಕಿದೆ.

"ಫೋನು ಮಡಗು! ಯಾವ ಆಡಲ್ಲೂ ಇಲ್ಲ ಕಣಮ್ಮಿ. ಎಸ್ರು ಇಟ್ಟೋನು ಆಡೇ ಕೇಳಿಲ್ಲ!"

ಇನ್ನೊಮ್ಮೆ, ಒಂದು ಯುಗಳಗೀತೆಯಲ್ಲಿ ನಾಯಕಿ ನಾಯಕನ ಹೆಸರನ್ನು ಎಷ್ಟು ಸಲ ಕರೆಯುತ್ತಾಳೆ ಎಂದರು. ನಾಲ್ಕು ಎಂದೆ. ಸೊನ್ನೆಯಂತೆ. "ಆ ಕಾಲದಲ್ಲಿ ಗಂಡನ ಎಸ್ರು ಯೋಳೋ ಎಂಗ್ಸು ಎಲ್ಲಮ್ಮಿ ಇದ್ಲು?"

ಇಷ್ಟೆಲ್ಲ ಅವಮಾನ ಏಕೆ ಸಹಿಸುತ್ತೇನೆ? ಬಹುಮಾನಕ್ಕಾಗಿ! ಹತ್ತು ಸರಿಯುತ್ತರವಾದ ದಿನ, ಯಾರಿಗೂ ಮುಟ್ಟಗೊಡದ ಅವರ ಹಳೆಯ ಟೇಪ್ ರೆಕಾರ್ಡರ್ ನನ್ನದಾಗುತ್ತದೆ. ಹಾಗೆಂದು ನನ್ನ ಡೈರಿಯಲ್ಲೇ ಸಹಿ ಹಾಕಿಕೊಟ್ಟಿದ್ದಾರೆ. ಬೇಕಾಗಿರುವುದು ಇನ್ನೊಂದೇ ಉತ್ತರ!

ಊರ ಹೊರಗಿನವರಿಗೂ ವಿನಾಯಿತಿ ಇರಲಿಲ್ಲ. ನಾವಿದ್ದ ರೈಲು ಮದ್ದೂರಿನಲ್ಲಿ ನಿಂತಾಗ ವಡೆ ಮಾರುವವನನ್ನು ಕಿಟಕಿಯ ಬಳಿ ಕರೆದು, ಒಂದು ಹಾಡಿನ ಯಾವ ಚರಣದಲ್ಲಿ ಮಲ್ಲಿಗೆ ಬಂದು ಯಾವ ಚರಣದಲ್ಲಿ ಬಾಡುತ್ತದೆ ಎಂದು ಕೇಳಿಯೇಬಿಟ್ಟರು. ಪಾಪ, ಬುಟ್ಟಿ ಹೊತ್ತು ಯೋಚಿಸುತ್ತ ನಿಂತ. ರೈಲು ಹೊರಟಿತು. ನಮಗೆ ವಡೆ ಸಿಗಲಿಲ್ಲ, ಅವನಿಗೆ ಉತ್ತರ ಸಿಗಲಿಲ್ಲ. ಮುಂದಿನ ಸೋಮವಾರ ಅದೇ ರೈಲು, ಅದೇ ಕಿಟಕಿ. ಪ್ಲಾಟ್‌ಫಾರಂ ಉದ್ದಕ್ಕೂ ಓಡೋಡಿ ಬಂದ. "ಅಣ್ಣೋ! ಎರಡ್ರಲ್ಲಿ ಬತ್ತದೆ, ಬಾಡೋದೇ ಇಲ್ಲ ಕಣಣ್ಣೋ!" ಮಾವ ಕೈಕುಲುಕಿದರು. ಬಿಡುವ ಮುಂಚೆ ಇನ್ನೊಂದು ಪ್ರಶ್ನೆ: "ಬಿ ಸೈಡಿನ ಮೂರನೇ ಪದ. 'ಮಡಿಲಕ್ಕಿ ತುಂಬೀವಿ ಅಳಬ್ಯಾಡ ನನ ಮಗಳೆ' ಅಂತ ಮೊದಲನೇ ನುಡಿ. ಎರಡನೇ ನುಡಿ ಏನ್ಲಾ?" ಅವನು ತಲೆ ಕೆರೆದುಕೊಂಡ. ರೈಲು ಮತ್ತೆ ಹೊರಟಿತು.

ಇನ್ನು ನನ್ನನ್ನು ನೋಡಲು ಮಳವಳ್ಳಿಯಿಂದ ಗಂಡಿನವರು ಬಂದ ಕಥೆ. ಅವರು ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಮಾವ ಗಂಡಿನ ತಂದೆಯ ಎದುರು ಕುರ್ಚಿ ಎಳೆದುಕೊಂಡರು.

"ನಮ್ ಕಡೆ ಮದ್ವೇಲಿ ಮೈಕ್ ಆರ್ನಿಂದ ಮೊದಲು ಬರೋ ಮಾತು ಯಾವ್ದು, ಯೋಳಿ ನೋಡಾನ?"

ಆ ಹಿರಿಯರು ಗಂಟಲು ಸರಿಮಾಡಿಕೊಂಡು ಗಣಪತಿಯ ಸ್ತುತಿಯೊಂದನ್ನು ಹಾಡಿಯೇ ತೋರಿಸಿದರು.

"ತಪ್ಪು! ಮೊದಲು ಬರೋದು 'ಅಲೋ, ಅಲೋ, ಮೈಕ್ ಟೆಸ್ಟಿಂಗ್'!"

ಗಂಡು ನಕ್ಕ, ತಂದೆ ನಗಲಿಲ್ಲ. ಮಾವ ಅಷ್ಟಕ್ಕೆ ಬಿಡದೆ ಅವರಿಗೂ ಆ ಮಡಿಲಕ್ಕಿಯ ಪ್ರಶ್ನೆ ಹಾಕಿದರು. ಅವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು.

"ನಿನ್ ಕ್ಯಾಸೆಟ್ಗೆ ಬೆಂಕಿ ಆಕ, ಅಣ್ಣಾ! ಸಂಬಂಧ ಓಡುಸ್ಬುಟ್ಟಲ್ಲಾ!" ಎಂದಳು ಅಮ್ಮ.

"ಬುಡವ್ವ. ಗಂಡು ಒಳ್ಳೇವ್ನೇ. ಅವರಪ್ಪಂದು ಎರಡಕ್ಕೆ ಸೊನ್ನೆ."

ಆಗಸ್ಟಿನ ಒಂದು ಭಾನುವಾರ ಡೈರಿ ತೆಗೆದು ಪ್ರಶ್ನೆಗಳನ್ನು ವಿಂಗಡಿಸಲು ಕೂತೆ. ಹತ್ತನೇ ಉತ್ತರಕ್ಕೆ ಸುಲಭದ ದಾರಿ ಹುಡುಕಬೇಕಿತ್ತು. ಆಗ ಕಂಡಿತು. ಮಡಿಲಕ್ಕಿಯ ಪ್ರಶ್ನೆಯೊಂದನ್ನೇ ಮಾವ ಇಪ್ಪತ್ತೊಂದು ಸಲ ಕೇಳಿದ್ದರು: ನನಗೆ, ವಡೆಯವನಿಗೆ, ಗಂಡಿನ ತಂದೆಗೆ, ಬಸರಾಳಿನ ಬಸ್ಸಿನಲ್ಲಿ ಪಕ್ಕ ಕೂತ ಮುದುಕಿಗೆ. ನಾನು ಊಹಿಸಿ ಹೇಳಿದ ಉತ್ತರಗಳ ಮುಂದೆ ಸರಿ ಗುರುತೂ ಇಲ್ಲ, ತಪ್ಪು ಗುರುತೂ ಇಲ್ಲ. ತಪ್ಪು ಎಂದು ಕೂಗಲು ಕಾದು ಕೂತಿರುವ ಮನುಷ್ಯ ಇಪ್ಪತ್ತೊಂದು ಸಲವೂ ಸುಮ್ಮನಿದ್ದರೆ?

ಅಂದೇ ಸಂಜೆ ಕೆರಗೋಡಿಗೆ ಬಸ್ಸು ಹತ್ತಿದೆ. "ಮಾವ, ಆ ಎರಡನೇ ನುಡಿ ನಿಮಗೆ ಗೊತ್ತಾ?"

ಮಾವ ಎದ್ದು ಒಳಗೆ ಹೋದರು. ಟೇಪ್ ರೆಕಾರ್ಡರ್ ತಂದು ಗುಂಡಿ ಒತ್ತಿದರು. ಒಳಗಿದ್ದ ಕ್ಯಾಸೆಟ್ಟಿನ ಮೇಲೆ ಅವರ ಕೈಬರಹ: 'ತಂಗಿ ಮದುವೆ, ಅವ್ವ'. ನಾನು ಹುಟ್ಟುವ ಮುಂಚೆಯೇ ತೀರಿಕೊಂಡ ಅಜ್ಜಿಯ ದನಿ ಕೇಳಿಸಿತು. 'ಮಡಿಲಕ್ಕಿ ತುಂಬೀವಿ ಅಳಬ್ಯಾಡ ನನ ಮಗಳೆ...' ಅಷ್ಟರಲ್ಲಿ ಟಪ್ ಎಂಬ ಸದ್ದು. ಆಮೇಲೆ ಹರೆಯದ ಮಾವನ ಭಾರಿ ಗಂಟಲು: 'ಅಲೋ, ಅಲೋ, ಮೈಕ್ ಟೆಸ್ಟಿಂಗ್!'

"ಮದ್ವೆ ಮಾರನೆ ದಿನ ಗೊತ್ತಿಲ್ದೆ ರೆಕಾರ್ಡ್ ಗುಂಡಿ ಒತ್ಬುಟ್ಟಿದ್ದೆ. ಅವ್ವನ್ನೇ ಕೇಳ್ಬೋದಿತ್ತು. ನಾಳೆ ಕೇಳಾನ ಬುಡು, ನಾಳೆ ಕೇಳಾನ ಬುಡು ಅಂದ್ಕೊಂಡು..." ಎಂದು ಮಾವ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸತೊಡಗಿದರು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. "ನಾನ್ ಅಳ್ತಾ ಇದ್ದೆ ಕಣಮ್ಮಿ, ಏನ್ ಕೇಳುಸ್ಕಂಡೇನು? ಅವ್ವನ ಜೊತೇಲಿ ಸೊಲ್ಲು ಇಡೀತಿದ್ದೋರು ಚಿಕ್ಕರಸಿನಕೆರೇಲಿ ಒಬ್ರು ಅವ್ರೆ, ಓಗಿ ಕೇಳು."

ಹೋದೆ. ಹಾಡಿಗೆ ಸೊಲ್ಲು ಹಿಡಿಯುತ್ತಿದ್ದ ಆ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರಿಗೈಲಿ ಬಂದು ಸೋಬಾನೆ ಕೇಳ್ತೀಯಲ್ಲಮ್ಮಿ, ಎಲೆ ಅಡಿಕೆ ಎಲ್ಲಿ?" ಅಂಗಡಿಗೆ ಓಡಿ ತಂದೆ. ಅವರು ನಿಧಾನವಾಗಿ ಎಲೆ ಮಡಿಸಿ, ಅಗಿದು, ಬಾಯಿ ಕೆಂಪಾದ ಮೇಲೆ ಹಾಡಿದರು. ಡೈರಿಯಲ್ಲಿ ಬರೆದುಕೊಂಡು, ಮರೆಯಬಾರದೆಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಗುನುಗುತ್ತ ಮಾವನ ಮನೆಗೆ ಬಂದೆ.

"ಮಾವ, ಎರಡನೇ ನುಡಿ: 'ಬಾವಿಯ ಹಗ್ಗವ ಬಿಚ್ಚಿಲ್ಲ ನನ ಮಗಳೆ, ಬಂದಾಗ ಸೇದಿ ಕುಡಿಯವ್ವ.' ಸರಿಯಾ, ತಪ್ಪಾ?"

 ಮಾವ ಟೇಪ್ ರೆಕಾರ್ಡರನ್ನು ನನ್ನ ಮುಂದೆ ತಳ್ಳಿದರು.

"ಅಂಕ ಆಮೇಲೆ ನೋಡಾನ. ನನ್ನ 'ಅಲೋ' ಮೇಲೆ ಇದ್ನ ಆಡು."

"ನನಗೆ ಹಾಡೋಕೆ ಬರಲ್ಲ ಮಾವ!"

"ನಿನ್ ಗಂಟ್ಲು ಕತ್ತೆ ಗಂಟ್ಲು ಅಂತ ನಂಗೂ ಗೊತ್ತು. ಆಡವ್ವ." ಈ ಸಲ ಗುಂಡಿಯನ್ನು ಎರಡೆರಡು ಬಾರಿ ನೋಡಿ ಒತ್ತಿದರು.

ಈಗ ಅವರ ಮನೆಗೆ ಹೋದವರಿಗೆಲ್ಲ ಹೊಸ ಪ್ರಶ್ನೆ. "ಅಜ್ಜಿ ಸುರು ಮಾಡಿದ್ ಪದಾನ, ಆ ಅಜ್ಜಿ ಮೊಕಾನೇ ನೋಡ್ದಿರೋ ಮೊಮ್ಮಗಳು ಮುಗಿಸ್ತಾಳೆ. ಯಾವ್ ಕ್ಯಾಸೆಟ್ಟು, ಎಷ್ಟನೇ ಪದ?" ಇದುವರೆಗೆ ಹದಿನಾಲ್ಕು ಜನಕ್ಕೆ ಕೇಳಿದ್ದಾರೆ, ಒಬ್ಬರಿಗೂ ಗೊತ್ತಾಗಿಲ್ಲ. ನನಗೆ ಗೊತ್ತು ಎಂದು ಪ್ರತಿ ಸಲವೂ ಕೈ ಎತ್ತುತ್ತೇನೆ.

"ನೀನ್ ಸುಮ್ನಿರಮ್ಮಿ," ಎನ್ನುತ್ತಾರೆ ಮಾವ, "ಆಡ್ದೋರಿಗೆ ಅಂಕ ಇಲ್ಲ."

ನನ್ನ ಲೆಕ್ಕ ಇನ್ನೂ ಒಂಬತ್ತೇ.