ಆಯ್ತಪ್ಪನ ಹೊಸ ಕೋಣೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡಕ್ಷರದ ಒಂದು ಮಾತು: ‘ಆಯ್ತು’.

ತಂದೆತಾಯಿ ಅವನಿಗೆ ಬೇರೆಯೇ ಹೆಸರಿಟ್ಟಿದ್ದರು. ಆದರೆ ಯಾರು ಏನು ಕೇಳಿದರೂ ‘ಆಯ್ತು, ಆಯ್ತು’ ಎಂದುಬಿಡುವ ಈ ಗುಮಾಸ್ತನನ್ನು ಕಚೇರಿಯಲ್ಲಿ ಯಾರೋ ಒಮ್ಮೆ ‘ಆಯ್ತಪ್ಪ’ ಎಂದರು. ಆ ಹೆಸರು ಅವನಿಗಿಂತ ಮೊದಲೇ ಬಸ್ಸು ಹತ್ತಿ ಅವನ ಬೀದಿಗೂ ಬಂದು ಸೇರಿತು. ನಿಜ ಹೇಳಬೇಕೆಂದರೆ ಅವನ ‘ಆಯ್ತು’ ಒಪ್ಪಿಗೆಯೇ ಅಲ್ಲ. ‘ನಿಮ್ಮ ಮಾತು ಮುಗೀತಲ್ಲ, ಇನ್ನಾದರೂ ನನ್ನನ್ನು ಬಿಡಿ’ ಎಂಬ ಅಂಗಲಾಚಿಕೆ. ಕೇಳಿದವರು ಮಾತ್ರ ಅದನ್ನು ಒಪ್ಪಿಗೆಯೆಂದೇ ತಿಳಿದು ಕೆಲಸಕ್ಕೆ ಇಳಿದುಬಿಡುತ್ತಿದ್ದರು.

ಅವನ ಮನೆಯಲ್ಲಿ ಇದ್ದದ್ದು ಒಂದು ಹಜಾರ, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಮಂಡಿನೋವಿನ ಅತ್ತೆ ಬಂದು ನೆಲೆಸಿದ ಮೇಲೆ ಕೋಣೆ ತಾಯಿ ಮಗಳ ಪಾಲಾಯಿತು. ಹಜಾರ ಫ್ರಿಜ್ಜು ಮತ್ತು ಆಯ್ತಪ್ಪನ ಪಾಲಿಗೆ ಬಂತು. ತಣ್ಣೀರಿಗೆಂದು ಎದ್ದವರೆಲ್ಲ ಅವನನ್ನು ದಾಟಿಯೇ ಹೋಗಬೇಕು, ಹೋಗುವಾಗ ಒಮ್ಮೆ ತುಳಿದೂ ಹೋಗಬೇಕು. ಬೇಸಿಗೆಯಲ್ಲಿ ಅತ್ತೆಗೆ ಬಾಯಾರಿಕೆ ಬೇರೆ ಹೆಚ್ಚು.

ಅದಕ್ಕೇ ಹಿತ್ತಿಲ ಕಡೆ ಒಂದು ಕೋಣೆ ಕಟ್ಟಿಸಲು ಹೊರಟಿದ್ದ. ಕೇಳಿದವರಿಗೆಲ್ಲ ‘ಬಂದು ಹೋಗೋರಿಗೆ’ ಎನ್ನುತ್ತಿದ್ದನಾದರೂ ಅವನ ಮನಸ್ಸಿನಲ್ಲಿ ಆ ಕೋಣೆಯೊಳಗೆ ಇದ್ದದ್ದು ಒಂದು ಮಂಚ, ಒಂದು ಫ್ಯಾನು, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ ಮತ್ತು ತಾನು. ಆ ಆಸೆಯನ್ನು ಬಾಯಿಬಿಟ್ಟು ಹೇಳುವ ಎದೆಗಾರಿಕೆ ಮಾತ್ರ ಇರಲಿಲ್ಲ. ಅತ್ತೆ ಆಗಲೇ “ಹೊಸ ಕೋಣೇಲಿ ನನ್ನ ಮಂಡಿಗೆ ಆರಾಮಾಗುತ್ತೇನೋ” ಎಂದು ಗಾಳಿಯಲ್ಲಿ ಒಂದು ಮಾತು ತೇಲಿಬಿಟ್ಟಿದ್ದರು. ಹೆಂಡತಿ “ಮೊದಲು ಮುಗೀಲಿ, ಆಮೇಲೆ ನೋಡೋಣ” ಎಂದಿದ್ದಳು.

ಗೋಡೆ ಎದ್ದಿತ್ತು, ತಾರಸಿ ಬಿದ್ದಿತ್ತು, ಕಿಟಕಿಗೆ ಕಬ್ಬಿಣದ ಸರಳೂ ಕೂತಿತ್ತು. ಕೆಲಸ ನೋಡಿಕೊಳ್ಳಲು ಆಯ್ತಪ್ಪ ಅಂದು ರಜೆ ಹಾಕಿದ್ದ. ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಬನಿಯನ್ನಿನಲ್ಲೇ ಬಂದು, ಬಾಗಿಲಿಗೆಂದು ಬಿಟ್ಟ ಜಾಗದ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರು ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಮೇಲ್ವಿಚಾರಣೆಯಿಂದ ಅಲ್ಲ.

“ಏನ್ರೀ ಇದು? ಹಿತ್ತಿಲ ಕಡೆ ಬಾಗಿಲಾ? ಕಳ್ಳನ್ನ ಕರೆದು ಮಣೆ ಹಾಕಿದ ಹಾಗಾಯ್ತು! ಇದನ್ನ ಮುಚ್ಚಿ, ಹಜಾರದ ಗೋಡೆ ಒಡೆದು ಅಲ್ಲಿ ಇಡ್ಸಿ.”

“ಆಯ್ತು.”

ಮೇಸ್ತ್ರಿ ಕರಣೆ ಕೆಳಗಿಟ್ಟು ತಲೆ ಕೆರೆದುಕೊಂಡ. ಅಷ್ಟರಲ್ಲಿ ಹೆಂಡತಿ ಇಣುಕಿ, “ರೀ, ನನ್ನ ಹಳೇ ಪಾತ್ರೆ ಇಡೋಕೆ ಮೇಲೊಂದು ಅಟ್ಟ” ಎಂದಳು. ಅದಕ್ಕೂ ‘ಆಯ್ತು’. ಎದುರುಮನೆ ದರ್ಜಿ, “ಬಾಗಿಲು ಒಂಚೂರು ಅಗಲ ಇರ್ಲಿ, ಹೊಲಿಗೆ ಮಷೀನು ಒಳಗೆ ಹೋಗ್ಬೇಕಲ್ಲ” ಎಂದ.

“ಯಾರ ಮಷೀನು?”

“ನಂದೇ. ಮಳೆ ಬಂದ್ರೆ ನಮ್ಮಂಗಡಿ ಸೋರುತ್ತೆ.”

“ಆಯ್ತು.”

ಊಟವಾದ ಮೇಲೆ ಹಜಾರ ಒಲೆಯ ಮೇಲಿಟ್ಟ ಕಾವಲಿಯಂತೆ ಕಾದಿತ್ತು. ಹೊಸ ಕೋಣೆಯ ಗೋಡೆಗೆ ಬೆಳಿಗ್ಗೆ ತಾನೇ ನೀರು ಹೊಡೆದಿದ್ದರಿಂದ ಒಳಗೆ ತಂಪಾಗಿತ್ತು. ಆಯ್ತಪ್ಪ ಯಾರಿಗೂ ಕಾಣದಂತೆ ಒಳಗೆ ನುಸುಳಿ, ಮೂಲೆಗೆ ಒರಗಿಸಿದ್ದ ಹಲಗೆಗಳ ಹಿಂದೆ ಟವೆಲ್ ಹಾಸಿ ಮಲಗಿದ. ಮಲಗಿದ್ದೇ ತಡ, ಗೊರಕೆ.

ಊಟ ಮುಗಿಸಿ ಬಂದ ಮೇಸ್ತ್ರಿ ಮನೆಯ ಕಡೆ ಮುಖ ಮಾಡಿ ಕೂಗಿದ: “ಸಾರ್, ಓವರ್‌ಸಿಯರ್ ಹೇಳ್ದಂಗೆ ಈ ಬಾಗ್ಲು ಮುಚ್ಚಿಬಿಡ್ಲಾ?”

“ಆಯ್ತು, ಆಯ್ತು,” ಎಂದು ಎಲ್ಲಿಂದಲೋ ಉತ್ತರ ಬಂತು. ನಿದ್ದೆಯಲ್ಲೂ ಆಯ್ತಪ್ಪನ ಬಾಯಿ ಡ್ಯೂಟಿ ಬಿಟ್ಟಿರಲಿಲ್ಲ. ಮೇಸ್ತ್ರಿ ಇಟ್ಟಿಗೆ ಜೋಡಿಸತೊಡಗಿದ.

ಎಚ್ಚರವಾದಾಗ ಆಯ್ತಪ್ಪನಿಗೆ ತಾನು ಬಂದ ಬಾಗಿಲು ಕಾಣಲಿಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಾಗಿರಬೇಕೆಂದು ಕೋಣೆಯನ್ನು ಒಂದು ಸುತ್ತು ಹಾಕಿದ. ಒಂದು ಕಡೆ ಗೋಡೆಗೆ ಕೈಯಿಟ್ಟರೆ ಹಸಿ ಗಾರೆ ಅಂಗೈಗೆ ಮೆತ್ತಿತು. ಕಿಟಕಿಯ ಸರಳಿನಾಚೆ ಕೈಗೆಟುಕುವಷ್ಟು ಹತ್ತಿರದಲ್ಲಿ ಓವರ್‌ಸಿಯರ್ ಮನೆಯ ಕಾಂಪೌಂಡು.

ಕೂಗಬಹುದಿತ್ತು. ಆದರೆ ಏನೆಂದು ಕೂಗುವುದು? ‘ನನ್ನನ್ನು ಒಳಗಿಟ್ಟು ಗೋಡೆ ಕಟ್ಟಿಬಿಟ್ಟಿದ್ದಾರೆ’ ಎಂದೇ? ನಾಳೆ ಕಚೇರಿಗೆ ಸುದ್ದಿ ಮುಟ್ಟಿದರೆ ಸಾಯುವವರೆಗೂ ಅದೇ ಮಾತು. ಹೇಗಾದರೂ ಮಾನ ಉಳಿಯುವ ದಾರಿ ಹೊಳೆಯಬಹುದೆಂದು ಹಲಗೆಯ ಮೇಲೆ ಕೂತ. ಕೂತ ಮೇಲೆ ಅವನಿಗೇ ನಾಚಿಕೆಯಾಗುವ ಒಂದು ಸಂಗತಿ ಗೊತ್ತಾಯಿತು: ಇಲ್ಲಿ ಅವನಿಗೆ ಸುಖವಾಗಿತ್ತು. ಯಾರೂ ದಾಟುತ್ತಿರಲಿಲ್ಲ, ತುಳಿಯುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ. ಮದುವೆಯಾದ ಮೇಲೆ ಇಂಥದೊಂದು ಮಧ್ಯಾಹ್ನ ಅವನಿಗೆ ಸಿಕ್ಕಿರಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಹೆಂಡತಿಯ “ರೀ” ಕೇಳಿಸಿತು. ಮೊದಲ ‘ರೀ’ ಕಾಫಿಗೆ ಕರೆಯುವಂತಿತ್ತು, ಎರಡನೆಯದು ಗದರುವಂತಿತ್ತು, ಮೂರನೆಯದರಲ್ಲಿ ಗಾಬರಿಯಿತ್ತು.

“ಚಪ್ಪಲಿ ಇಲ್ಲೇ ಇದೆ. ಈ ಬಿಸಿಲಲ್ಲಿ ಬರಿಗಾಲಲ್ಲಿ ಎಲ್ಲಿಗೆ ಹೋದ್ರು?”

“ಮನೇಲಿ ಏನಾದ್ರೂ ಬೇಜಾರು ಮಾಡ್ಕೊಂಡಿದ್ರಾ?” ಓವರ್‌ಸಿಯರ್ ವಿಚಾರಣೆ ಶುರುಮಾಡಿದರು.

“ಬೆಳಿಗ್ಗೆ ನನ್ನ ಮಷೀನಿಗೂ ಆಯ್ತು ಅಂದಾಗ್ಲೇ ನಂಗೆ ಅನುಮಾನ ಬಂತು,” ಎಂದ ದರ್ಜಿ. “ಜೀವನದ ಮೇಲೆ ಆಸೆ ಇರೋರು ಹಾಗನ್ನಲ್ಲ.”

ಅದನ್ನು ಕೇಳಿ ಅತ್ತೆ ಗೊಳೋ ಎಂದು ಅತ್ತರು. ಅತ್ತೆ ತನಗಾಗಿ ಅಳಬಹುದೆಂದು ಆಯ್ತಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಮಾನ ಹೋದರೆ ಹೋಗಲಿ ಎಂದು ಮೆಲ್ಲಗೆ ಕೆಮ್ಮಿದ.

“ಗೋಡೆ ಕೆಮ್ತು!” ಎಂದರು ಅತ್ತೆ, ಅಳು ನಿಲ್ಲಿಸಿ.

“ಹೊಸ ಗೋಡೆ ಅಲ್ವಾ, ಒಣಗೋವಾಗ ಶಬ್ದ ಬರುತ್ತೆ,” ಎಂದರು ಓವರ್‌ಸಿಯರ್.

ಸಿಮೆಂಟಿನ ದೂಳು ಮೂಗಿಗೆ ಹೊಕ್ಕು ಗೋಡೆ ಜೋರಾಗಿ ಸೀನಿತು.

“ಒಣಗೋವಾಗ ಸೀನುತ್ತೂ ಕೂಡಾ?” ಎಂದಳು ಹೆಂಡತಿ.

ಕಾಂಪೌಂಡಿನ ಮೇಲಿಂದ, ಸಂದಿಯಿಂದ, ಕಿಟಕಿಯ ತುಂಬ ಮುಖಗಳು ಮೂಡಿದವು. ಸರಳಿನೊಳಗೆ ನಿಂತ ಆಯ್ತಪ್ಪನನ್ನು ನೋಡಿದ್ದೇ ಮೇಸ್ತ್ರಿ ಎರಡೂ ಕೈ ಎತ್ತಿದ. “ನಂದೇನೂ ತಪ್ಪಿಲ್ಲ. ನಾನು ಕೇಳ್ಕೊಂಡೇ ಕಟ್ಟಿದ್ದು. ಸಾರ್ ಆಯ್ತು ಅಂದ್ರು.”

ಎಲ್ಲರೂ ಆ ಮಾತನ್ನು ತಕ್ಷಣ ನಂಬಿದರು. ಆಯ್ತಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದರಿಂದಲೇ.

ಮೇಸ್ತ್ರಿ ಒಂದೊಂದೇ ಇಟ್ಟಿಗೆ ಕೀಳುತ್ತಿದ್ದಂತೆ ಒಳಗೆ ಆಯ್ತಪ್ಪ ಹಲ್ಲುಕಚ್ಚಿ ಒಂದು ಶಪಥ ಮಾಡಿದ. ಇನ್ನು ಮೇಲೆ ಯಾರೇ ಬರಲಿ, ಏನೇ ಕೇಳಲಿ, ಮಾತು ಮುಗಿಯುವ ಮೊದಲೇ ‘ಆಗಲ್ಲ’. ಗೋಡೆಯ ತೂತಿನಿಂದ ಮೊದಲು ತಲೆ, ಆಮೇಲೆ ಹೊಟ್ಟೆ ಹೊರಗೆ ಹಾಕಿ, ಮೈತುಂಬ ಗಾರೆ ಮೆತ್ತಿಕೊಂಡು ಎದ್ದು ನಿಂತಾಗ ಅವನು ಬೆಳಗಿನ ಆಯ್ತಪ್ಪನಾಗಿರಲಿಲ್ಲ.

ಹೆಂಡತಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು. “ರೀ, ನಾನು ಅಮ್ಮ ಮಾತಾಡ್ಕೊಂಡ್ವಿ. ಈ ಕೋಣೇನ...”

“ಆಗಲ್ಲ!”

ದರ್ಜಿ ಒಂದು ಹೆಜ್ಜೆ ಹಿಂದೆ ಸರಿದ.

“ಪೂರ್ತಿ ಕೇಳಿ. ಕೋಣೇನ ನಾವು...”

“ಆಗಲ್ಲ ಅಂದ್ರೆ ಆಗಲ್ಲ! ಈ ವಿಷಯದಲ್ಲಿ ನಂದೇ ಕೊನೇ ಮಾತು!” ಆ ದನಿಗೆ ಅವನೇ ಬೆಚ್ಚಿದ. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಸಂದಿಯಿಂದ ಇಣುಕಿದರು.

ಹೆಂಡತಿ ಅವನನ್ನು ಎಂದೂ ನೋಡದ ಗೌರವದಿಂದ ನೋಡಿದಳು. “ಸರಿ ಬಿಡಿ. ನೀವು ಕಾಣಿಸ್ದೇ ಇದ್ದಾಗ ಅಮ್ಮ ಅಳ್ತಾ ನನ್ನ ಕಿವೀಲಿ ಹೇಳಿದ್ರು, ‘ಪಾಪ, ಹಜಾರದಲ್ಲಿ ಮಲಗೀ ಮಲಗೀ ಬೇಜಾರಾಗಿ ಹೋದ್ರೇನೋ, ಹೊಸ ಕೋಣೆ ಅವರಿಗೇ ಇರ್ಲಿ, ನಂಗೆ ಬೇಡ’ ಅಂತ. ಅದನ್ನೇ ಹೇಳೋಕೆ ಬಂದೆ. ನೀವು ನೋಡಿದ್ರೆ ಕೇಳೋಕೂ ತಯಾರಿಲ್ಲ.”

ಅತ್ತೆ ಆಯ್ತಪ್ಪನ ಗಾರೆಯ ಕೈಗಳನ್ನು ಹಿಡಿದುಕೊಂಡರು. “ನನ್ನ ಮಂಡಿ ನೆನೆಸ್ಕೊಂಡು ತಾನೇ ಬೇಡ ಅಂದ್ರಿ ಅಳಿಯಂದಿರೇ? ಹೊಟ್ಟೇಲಿ ಹುಟ್ಟಿದ ಮಗನೂ ಹೀಗನ್ನಲ್ಲ.”

“ಅತ್ತೆ, ಅದು... ನಾನು ಹೇಳಿದ್ದು...”

“ಭೇಷ್!” ಓವರ್‌ಸಿಯರ್ ಅವನ ಬೆನ್ನಿಗೆ ಗುದ್ದಿದರು. “ಇಷ್ಟು ವರ್ಷದಲ್ಲಿ ಮೊದಲನೇ ಸಲ ಗಂಡಸಿನ ಹಾಗೆ ಒಂದು ಮಾತಾಡಿದ್ರಿ. ಇನ್ನು ಬದಲಾಯಿಸ್ಬೇಡಿ!” ದರ್ಜಿ ಚಪ್ಪಾಳೆ ತಟ್ಟಿದ. ಬೀದಿಯವರೂ ತಲೆದೂಗಿದರು.

ಈಗಲಾದರೂ ನಿಜ ಹೇಳಿದ್ದರೆ ಕೋಣೆ ಸಿಗುತ್ತಿತ್ತು. ಆದರೆ ಜೀವಮಾನದಲ್ಲಿ ಮೊದಲ ಬಾರಿ ಸಿಕ್ಕ ಈ ಮರ್ಯಾದೆಯನ್ನು ಕೈಯಾರೆ ಚೆಲ್ಲಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ ಆಯ್ತಪ್ಪ ಎದೆಯುಬ್ಬಿಸಿ ಸುಮ್ಮನೆ ನಿಂತ.

“ಹಂಗಾದ್ರೆ ಅಮ್ಮೋರೇ, ನಿಮ್ಮ ಕೋಣೆಗೆ ಹಜಾರದಿಂದ ಬಾಗ್ಲು ಎಲ್ಲಿ ಒಡೀಲಿ?” ಎಂದು ಕೇಳಿದ ಮೇಸ್ತ್ರಿ.

ಅತ್ತೆ ಒಳಗೆ ಹೋಗಿ, ಹಜಾರವನ್ನೆಲ್ಲ ಅಳೆದು ನೋಡಿ, ಒಂದು ಜಾಗ ತೋರಿಸಿದರು. “ನಾನೂ ಅಮ್ಮನ ಜೊತೆ ಹೊಸ ಕೋಣೇಲೇ ಮಲಗ್ತೀನಿ, ಹಳೇದು ನನ್ನ ಪಾತ್ರೆಗೂ ದರ್ಜಿ ಮಷೀನಿಗೂ ಆಯ್ತು,” ಎಂದಳು ಹೆಂಡತಿ. ಮೇಸ್ತ್ರಿ ಗೋಡೆಗೆ ಸೀಮೆಸುಣ್ಣದಿಂದ ಗೀಟು ಎಳೆದು, ಕೆಳಗೆ ಸುತ್ತಿಟ್ಟಿದ್ದ ಹಾಸಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. “ಇದನ್ನ ಬೇರೆ ಕಡೆ ಇಟ್ಕೊಳ್ಳಿ ಸಾರ್. ಇನ್ಮೇಲೆ ಇದು ಓಡಾಡೋ ದಾರಿ.”

ಆಯ್ತಪ್ಪ ಹಾಸಿಗೆಯನ್ನು ಕಂಕುಳಲ್ಲಿ ಹಿಡಿದು ಅಡುಗೆಮನೆಯನ್ನೊಮ್ಮೆ, ಹಿತ್ತಿಲನ್ನೊಮ್ಮೆ ನೋಡುತ್ತ ನಿಂತ.