ಬಾಗಿಲವಾಡ ನೋಡಿ ಬಂದ ವರ

ನಮ್ಮ ಚಿಕ್ಕಪ್ಪ ಹೆಣ್ಣು ನೋಡಲು ಹೋಗಿ ಬಾಗಿಲವಾಡ ನೋಡಿಕೊಂಡು ಬಂದ ಮಹಾನುಭಾವರು! ಅಜ್ಜಂಪುರದಿಂದ ಬಂದ ಮಗನನ್ನು ಅಜ್ಜಿ, "ಹುಡುಗಿ ಹೆಂಗಿದಾಳೋ?" ಎಂದು ಕೇಳಿದರೆ, "ತೇಗದ ಬಾಗಿಲವಾಡ ಕಣವ್ವ, ಏನು ಕೆತ್ತನೆ ಅಂತೀಯ!" ಎಂದರಂತೆ. ಅಜ್ಜಿ ಅದನ್ನೇ ಒಪ್ಪಿಗೆ ಎಂದುಕೊಂಡು ಮದುವೆ ಮಾಡಿಬಿಟ್ಟರು. ಈ ಕಥೆ ಕೇಳಿ ಊರೆಲ್ಲ ನಕ್ಕಿತು. ಚಿಕ್ಕಮ್ಮ ಮಾತ್ರ ನಗಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನನಗೆ ಕಡೂರಿನಲ್ಲಿ ಟೀಚರ್ ಕೆಲಸ ಸಿಕ್ಕಾಗ ಅವರ ಮನೆಯಲ್ಲೇ ಇದ್ದೆ. ಚಿಕ್ಕಪ್ಪ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಬಂತೆಂದರೆ ಮಡಿಸುವ ಸ್ಟೂಲು, ಟಾಕು, ಕಪ್ಪು ಇಂಕಿನ ಬಾಟಲಿ ಹಿಡಿದು ಯಾವುದಾದರೂ ಹಳೇ ಕಟ್ಟಡದ ಮುಂದೆ ಹಾಜರ್. ಅವರ ಕಾನೂನು ಎರಡೇ. ಕಣ್ಣೆದುರು ಇಲ್ಲದ್ದನ್ನು ಬರೆಯಕೂಡದು, ಮನುಷ್ಯರನ್ನಂತೂ ಬರೆಯಲೇಕೂಡದು. ಯಾಕೆ ಚಿಕ್ಕಪ್ಪ? "ಅಲ್ಲಾಡ್ತಾರೆ ಕಣೇ!"

ಒಮ್ಮೆ ಕಡೂರು ಸ್ಟೇಷನ್ನಿನ ಚಿತ್ರ ಬರೆಯುತ್ತಿದ್ದಾಗ ರೈಲು ಬಂದು ಅಡ್ಡ ನಿಂತಿತು. ಇವರು ನೇರವಾಗಿ ಸ್ಟೇಷನ್ ಮಾಸ್ಟರ್ ಹತ್ತಿರ ಹೋದರು.

"ಇದನ್ನ ಒಂಚೂರು ಮುಂದಕ್ಕೆ ತಗಸ್ರೀ, ಕಮಾನು ಕಾಣ್ತಿಲ್ಲ."

"ಏನ್ ಮೇಷ್ಟ್ರೇ, ಎತ್ತಿನಗಾಡಿ ಅಂದ್ಕೊಂಡ್ರಾ?"

ಅಷ್ಟರಲ್ಲಿ ಹೊತ್ತಾಯಿತೆಂದು ರೈಲು ತಾನೇ ಹೊರಟಿತು. ಚಿಕ್ಕಪ್ಪ ಮನೆಗೆ ಬಂದು, "ಒಳ್ಳೇ ಮನುಷ್ಯ, ಹೇಳಿದ ತಕ್ಷಣ ತಗಸಿದ್ರು" ಎಂದರು.

ತರೀಕೆರೆಯದು ಇನ್ನೂ ಮಜಾ. ಪೇಟೆಬೀದಿಯಲ್ಲಿ ಒಂದು ಕಣ್ಣು ಮುಚ್ಚಿ, ಟಾಕನ್ನು ಮುಂದಕ್ಕೆ ಚಾಚಿ ಅಳತೆ ನೋಡುತ್ತಿದ್ದರು. ರಸ್ತೆ ಅಗಲ ಮಾಡಲು ಸರ್ವೆಯವರು ಬಂದಿದ್ದಾರೆಂದು ಗುಲ್ಲೋ ಗುಲ್ಲು! ಬಟ್ಟೆ ಅಂಗಡಿಯ ಯಜಮಾನರು ಎಳನೀರು ಹಿಡಿದು ಓಡಿ ಬಂದರು.

"ಸ್ವಾಮಿ, ನಮ್ಮ ಜಗಲಿ ಒಂದು ಉಳಿಸ್ಕೊಡಿ."

"ಉಳಿಸ್ದೆ ಇರ್ತೀನಾ? ಒಂದು ಕಲ್ಲೂ ಬಿಡಲ್ಲ ಕಣ್ರೀ!"

ಪಾಪ, ಅವರು ಕೈಮುಗಿದು ಇನ್ನೊಂದು ಎಳನೀರು ತರಿಸಿದರು. ಇವರು ಅದನ್ನೂ ಕುಡಿದರು.

ಇಷ್ಟೆಲ್ಲ ಬರೆದವರನ್ನು ಚಿಕ್ಕಮ್ಮ ಕೇಳಿದ್ದು ಒಂದೇ ಚಿತ್ರ. "ನನ್ನ ತೌರುಮನೆ ಬರ್ಕೊಡ್ರೀ." ಉತ್ತರವೂ ಒಂದೇ. "ಅದೆಲ್ಲಿ ಹೋಗ್ತದೆ? ಬರೆಯೋಣ." ಹೀಗೆ ಎಷ್ಟೋ ವರ್ಷ ಕಳೆದವು. ಕೊನೆಗೆ ಒಂದು ದಿನ ಅಜ್ಜಂಪುರದಿಂದ ಕಾಗದ ಬಂತು. ಅಣ್ಣತಮ್ಮಂದಿರು ಪಾಲಾಗಿ ಮನೆ ಕೆಡವಿದ್ದರು.

ಚಿಕ್ಕಮ್ಮ ಕಾಗದ ಮಡಿಸಿಟ್ಟು, "ನನ್ನನ್ನಂತೂ ನೋಡ್ಲಿಲ್ಲ. ನೋಡಿದ ಬಾಗಿಲವಾಡನಾದ್ರೂ ಬರೀಬೋದಿತ್ತು" ಎಂದರು. ನನಗೆ ಚಿಕ್ಕಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು.

ಮುಂದಿನ ಭಾನುವಾರ ಅವರು ಎಲ್ಲಿಗೂ ಹೋಗಲಿಲ್ಲ. ಹಜಾರದಲ್ಲಿ ಸ್ಟೂಲು ಹಾಕಿ, ಬರೀ ಗೋಡೆಗೆ ಮುಖ ಮಾಡಿ ಕೂತು ಇಡೀ ದಿನ ಬರೆದರು. ಸಂಜೆ ಹಾಳೆಯನ್ನು ತಂದು ಚಿಕ್ಕಮ್ಮನ ಮುಂದಿಟ್ಟರು.

ಅಜ್ಜಂಪುರದ ಮನೆ! ಜಗಲಿ, ಕಂಬ, ಬಾಗಿಲವಾಡದ ಒಂದೊಂದು ಬಳ್ಳಿ. ಅದಕ್ಕೆ ಒರಗಿ ನಿಂತ ಒಬ್ಬ ಹುಡುಗಿ. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ.

ಚಿಕ್ಕಮ್ಮ ಆ ಬೆರಳನ್ನೇ ನೋಡುತ್ತಾ ಕೂತರು. "ಅವತ್ತು ಬೆಳಿಗ್ಗೆ ಹೊಸ್ತಿಲು ಎಡವಿದ್ದೆ. ನಾನು ಯಾರಿಗೂ ಹೇಳೇ ಇಲ್ಲ... ನೋಡಿದ್ರಾ ಹಂಗಾದ್ರೆ?"

ಚಿಕ್ಕಪ್ಪ ಟಾಕು ಒರೆಸುತ್ತಾ, ತಲೆ ಎತ್ತದೆ ಹೇಳಿದರು.

"ನೀನು ಆ ಬಾಗಿಲವಾಡಕ್ಕೇ ಒರಗಿ ನಿಂತಿದ್ಯಲ್ಲ ಕಣೇ. ಅಲ್ಲಾಡ್ಲೇ ಇಲ್ಲ."